ಗಂಟಲು ಕಟ್ಟಿದವರು ಯಾರು?

ಮಂಗಸೂಳಿ
12 ಜುಲೈ 2024

ಮಾಯಾ,

ಇದು ಕ್ಷೇಮ ಸಮಾಚಾರ ಕೇಳುವ ಪತ್ರವಲ್ಲ. ಫೋನ್ ಹಚ್ಚಿದರೆ ನಿನ್ನ ಕಾಕಾ ಎತ್ತುತ್ತಾನೆ, ನನ್ನ ಧ್ವನಿ ಕೇಳಿ ಇಟ್ಟುಬಿಡುತ್ತಾನೆ. ಅದಕ್ಕೇ ಈ ಕಾಗದ.

ಐನಾಪುರದ ಸವಾಲು-ಜವಾಬಿನ ಹಾಡಿನ ಪಂದ್ಯದಲ್ಲಿ ಆದದ್ದನ್ನು ಒಂದೂ ಬಿಡದೆ ನೆನೆಸಿಕೊಂಡಿದ್ದೇನೆ. ನಮ್ಮ ಮ್ಯಾಳ ಸವಾಲಿನ ಪದ ಹಾಡಿ ಕೂತಿತು. ಜವಾಬು ಹಾಡುವ ಸರದಿ ನಿಮ್ಮ ಮ್ಯಾಳದ್ದು. ನಿನ್ನ ಕಾಕಾ ಮಲಕಾರಿ ಡೊಳ್ಳಿಗೆ ಪೆಟ್ಟು ಹಾಕಿದ. ನೀನು ಎದ್ದು ನಿಂತೆ, ಬಾಯಿ ತೆರೆದೆ. ಏನೂ ಬರಲಿಲ್ಲ. ಜನ ಮೊದಲು ನಕ್ಕರು, ಆಮೇಲೆ ಗುಸುಗುಸು ಶುರುವಾಯಿತು. ನಾನೂ ಎದುರಿಗೇ ಕೂತು ನಿನ್ನ ಬಾಯಿಯನ್ನೇ ನೋಡುತ್ತಿದ್ದೆ.

ಈಗ ರಾಯಬಾಗದ ಕಡೆಯಿಂದ ಬಂದವರೆಲ್ಲ ಒಂದೇ ಮಾತು ಆಡುತ್ತಿದ್ದಾರೆ. ಸುಂದರಾ ಮಾಯಾಳ ಗಂಟಲು ಕಟ್ಟಿಸಿದ್ದಾಳಂತೆ. ಹಾಡು ಶುರುವಾಗುವ ಮೊದಲು ನಿನ್ನ ಹಣೆಗೆ ಮಲ್ಲಯ್ಯನ ಭಂಡಾರ ಹಚ್ಚಿದೆನಲ್ಲ, ಆ ಅರಿಶಿಣವನ್ನು ಯಾರಿಂದಲೋ ಮಂತ್ರಿಸಿ ತಂದಿದ್ದೆನಂತೆ. ಮಂಗಸೂಳಿಯವರು ಭಂಡಾರದ ಚೀಲ ಇಲ್ಲದೆ ಬೇರೆ ಊರಿಗೆ ಕಾಲಿಡುವುದಿಲ್ಲ, ಸಿಕ್ಕವರ ಹಣೆಗೆಲ್ಲ ಹಚ್ಚುತ್ತೇವೆ. ಆ ದಿನ ಮೈಕಿನವನಿಗೂ ಹಚ್ಚಿದ್ದೆ. ಅವನ ಮೈಕು ನಿಂತಿತ್ತೇನು?

ನಮ್ಮನ್ನು ಹಾಡಲು ಕರೆದಿದ್ದ ಊರುಗಳು ಒಂದೊಂದಾಗಿ ಬೇಡ ಎನ್ನುತ್ತಿವೆ. ಓಣಿಯ ಹೆಂಗಸರು ಮಕ್ಕಳನ್ನು ನನ್ನ ಹತ್ತಿರ ಬಿಡುತ್ತಿಲ್ಲ. ಅದು ನನಗೆ ಹೇಗಿರುತ್ತದೆ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಮದುವೆಯಾಗಿ ಬಂದು, ನಿಮ್ಮ ಮ್ಯಾಳ ಬಿಟ್ಟು ಗಂಡನೂರಿನ ಮ್ಯಾಳ ಸೇರಿದ್ದು ನಿನ್ನ ಕಾಕಾನಿಗೆ ಇವತ್ತಿಗೂ ನುಂಗಲಾರದ ತುತ್ತು. ಅದು ಅವನ ಪಾಡು. ನಿನ್ನನ್ನು ನೇರವಾಗಿ ಕೇಳುತ್ತೇನೆ. ಇದು ನಾಟಕವೋ ನಿಜವೋ? ನಿಜವಾದರೆ ನಾನು ಏನೂ ಮಾಡಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳು.

ಸುಂದರಾ


ಮುಗಳಖೋಡ
20 ಜುಲೈ 2024

ಸುಂದರಾ,

ಹೇಳು ಎನ್ನುತ್ತೀ. ಯಾವ ಬಾಯಿಂದ ಹೇಳಲಿ? ಪಿಸುಮಾತಿಗಿಂತ ಮೇಲೆ ಒಂದು ಅಕ್ಷರ ಏಳುತ್ತಿಲ್ಲ. ನಾಟಕವಾಗಿದ್ದರೆ ಇಷ್ಟು ದಿನ ನನ್ನಂಥ ವಾಚಾಳಿ ಸುಮ್ಮನಿರುತ್ತಿದ್ದಳೇ? ನಿನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು?

ನೀನು ಮಾಡಿಸಿದ್ದು ಎಂದು ನಾನು ಒಮ್ಮೆಯೂ ಅಂದಿಲ್ಲ. ಹಾಗಲ್ಲ ಎಂದು ಚೀಟಿಯ ಮೇಲೆ ಬರೆದು ತೋರಿಸಿದೆ. ಕಾಕಾ ಓದಿ, "ಪಾಪ, ಕಟ್ಟಿಸಿದಾಕಿನ್ನ ಬೈಯಾಕೂ ಬಿಡವಲ್ದು ನೋಡ್ರಿ ಆ ಮಾಟ" ಅಂದ. ಇನ್ನೇನು ಬರೆಯಲಿ?

ಅವ್ವ ಜೇಷ್ಠಮಧು ಅರೆದು ನೆಕ್ಕಿಸಿದಳು. ಅರಿಶಿಣ ಸುಟ್ಟು ಹೊಗೆ ಹಾಕಿದಳು, ನಾನು ಕೆಮ್ಮಿ ಕೆಮ್ಮಿ ಸಾಕಾದೆ. ಮಿರಜಿಗೆ ಕರೆದುಕೊಂಡು ಹೋಗಿ ದೊಡ್ಡ ಡಾಕ್ಟರಿಗೂ ತೋರಿಸಿದರು. ಅವರು ಮೂಗಿನಿಂದ ಕ್ಯಾಮೆರಾದ ನಳಿಕೆ ಇಳಿಸಿ, ಗಂಟಲಿನ ಒಳಗನ್ನು ಟಿವಿಯಲ್ಲಿ ನನಗೇ ತೋರಿಸಿದರು. ಧ್ವನಿ ಹೊರಡಿಸುವ ಎರಡು ಬಿಳಿ ಪಟ್ಟಿಗಳು, ಚೊಕ್ಕಟವಾಗಿದ್ದವು. "ಕೆಮ್ಮು ತಂಗಿ" ಅಂದರು. ಕೆಮ್ಮಿದೆ. ಖಣ್ ಎಂದು ಸದ್ದು ಬಂತು, ಪಟ್ಟಿಗಳು ಕೂಡಿಕೊಂಡವು. "ಈಗ ಆ ಅನ್ನು" ಅಂದರು. ಕೂಡಲಿಲ್ಲ, ಬರೀ ಗಾಳಿ.

ಅಲ್ಲಿಂದ ನನಗೆ ಇದೇ ಹುಚ್ಚು ಹಿಡಿದಿದೆ ಸುಂದರಾ. ಕೆಮ್ಮು ಬರುತ್ತದೆ, ಸೀನಿದರೆ ಓಣಿಯೆಲ್ಲ ಕೇಳುತ್ತದೆ, ಮೊನ್ನೆ ನಮ್ಮ ಟಗರು ಕಾಕಾನ ಹಿಂದಿನಿಂದ ಬಂದು ಗುಮ್ಮಿದಾಗ ಜೋರಾಗಿ ನಕ್ಕೆ. ನಗು ಬಂತು! ಮಾತು ಮಾತ್ರ ಇಲ್ಲ. ಅಂದ ಮೇಲೆ ಧ್ವನಿ ಎಲ್ಲೂ ಹೋಗಿಲ್ಲ, ಒಳಗೇ ಇದೆ. ಕರೆದರೆ ಯಾಕೆ ಬರುವುದಿಲ್ಲ?

ಹಾಡು ಇಲ್ಲದೆ ನಾನು ಏನು ಎಂದು ನನಗೇ ಗೊತ್ತಿಲ್ಲ. ಹೆದರಿಕೆಯಾಗುತ್ತಿದೆ.

ಮಾಯಾ


ಮಂಗಸೂಳಿ
3 ಆಗಸ್ಟ್ 2024

ಮಾಯಾ,

ನನ್ನ ಸಿಟ್ಟು ಇಳಿದಿಲ್ಲ, ಅದು ಹಾಗೇ ಇರಲಿ. ಆದರೆ ನಿನ್ನ ಪತ್ರ ಓದಿದಾಗಿನಿಂದ ರೊಟ್ಟಿ ಬಡಿಯುವಾಗಲೂ ಅದೇ ಯೋಚನೆ. ಕೆಮ್ಮುವುದು, ನಗುವುದು ನಾವು ಮಾಡುವ ಕೆಲಸವಲ್ಲ, ತಾನಾಗಿ ಆಗುತ್ತವೆ. ಮಾತು ನಾವು ಆಡಬೇಕು. ನೀನು ಬೇಕೆಂದು ಮಾಡಲು ಹೋದಾಗ ಮಾತ್ರ ಬಾಗಿಲು ಹಾಕಿಕೊಳ್ಳುತ್ತದೆ ಅನ್ನಿಸುತ್ತದೆ. ನಿದ್ದೆಯಲ್ಲಿ ಮಾತಾಡುತ್ತೀಯೇನು? ಮೊದಲು ನನ್ನ ಪಕ್ಕ ಮಲಗಿದಾಗ ಕನಸಿನಲ್ಲಿ ಕುರಿ ಎಣಿಸುತ್ತಿದ್ದೆ, ನನಗೆ ನಿದ್ದೆ ಬರುತ್ತಿರಲಿಲ್ಲ. ನಿನ್ನ ಅವ್ವ ಕೆಂಪವ್ವನನ್ನು ಕೇಳು.

ಆಕಳಿಸಿದಾಗ ಏನಾಗುತ್ತದೆ, ನೀರು ಗುಳುಗುಳು ಮುಕ್ಕಳಿಸಿದಾಗ ಏನಾಗುತ್ತದೆ, ಅದನ್ನೂ ನೋಡಿ ಬರೆ.

ನಿನಗಾಗಿ ಕೇಳುತ್ತಿದ್ದೇನೆ ಎಂದು ತಿಳಿಯಬೇಡ. ನನ್ನ ಹೆಸರು ತೊಳೆದುಹೋಗಬೇಕು, ಅದಕ್ಕೆ.

ಸುಂದರಾ


ಮುಗಳಖೋಡ
22 ಆಗಸ್ಟ್ 2024

ಸುಂದರಾ,

ಅವ್ವನನ್ನು ಕೇಳಿದೆ. ಆಕೆ ಕಣ್ಣಿಗೆ ಸೆರಗು ಹಚ್ಚಿಕೊಂಡಳು. "ನಿದ್ದ್ಯಾಗ ಛಂದಂಗ ಮಾತಾಡ್ತಿ ಬೇ. ನೀ ಮಾತಾಡೂದು ಕೇಳಬೇಕಂತ ನಾ ಎಚ್ಚರ ಇರ್ತೇನಿ" ಅಂದಳು. ಎಷ್ಟೋ ದಿನಗಳಿಂದ ಅವ್ವ ಹೀಗೆ ಎಚ್ಚರವಿದ್ದಾಳೆ, ನನಗೆ ಗೊತ್ತೇ ಇರಲಿಲ್ಲ. ಅವಳ ಕಾಲ ಮೇಲೆ ತಲೆಯಿಟ್ಟು ಅತ್ತೆ. ಅಳುವಾಗಲೂ ಧ್ವನಿ ಬಂತು, ನಿನಗೆ ಲೆಕ್ಕಕ್ಕೆ ಇರಲಿ. ಮುಕ್ಕಳಿಸಿದರೆ ಬರುತ್ತದೆ. ಆಕಳಿಕೆಯ ಕೊನೆಗೆ ಸ್ವಲ್ಪ ಬರುತ್ತದೆ.

ಮಿರಜಿನ ಡಾಕ್ಟರು ಚಿಕ್ಕೋಡಿಯಲ್ಲಿ ಧ್ವನಿಯ ಅಭ್ಯಾಸ ಮಾಡಿಸುವ ಒಬ್ಬ ಮೇಡಂ ಹತ್ತಿರ ಕಳಿಸಿದ್ದಾರೆ. ಸೀಮಾ ಎಂದು ಹೆಸರು, ನಮ್ಮ ವಯಸ್ಸಿನವರೇ. ನಾನು ನಿನ್ನ ಪ್ರಶ್ನೆಗಳನ್ನೆಲ್ಲ ಅವರ ಮುಂದೆ ಇಟ್ಟೆ. ಅವರು ನಕ್ಕು, "ನಿಮ್ಮ ಗೆಳತಿ ಡಾಕ್ಟರ್ ಆಗಬೇಕಿತ್ರಿ" ಅಂದರು. ಉಬ್ಬಬೇಡ.

ನನ್ನ ಕೈಯನ್ನು ನನ್ನ ಗಂಟಲಿನ ಮೇಲೇ ಇಡಿಸಿ ಮಾತಾಡಲು ಹೇಳಿದರು. ಕಲ್ಲಿನ ಹಾಗೆ ಗಟ್ಟಿ! "ಅಂಜಿಕಿ, ಟೆನ್ಷನ್ ಬಂತಂದ್ರ ಮೈ ಜಗಳಕ್ಕ ತಯಾರ ಆಗ್ತೈತ್ರಿ. ಎದಿ ಜೋರ ಬಡಕೋತೈತಿ, ಹೊಟ್ಟಿ ಕೆಲಸ ನಿಲ್ಲಸ್ತೈತಿ, ಹೆಗಲು, ಕುತ್ತಿಗಿ ಬಿಗಿತಾವು. ಅಂಜಿಕಿ ಹೋದಮ್ಯಾಲೆ ಎಲ್ಲಾ ಸಡಲ ಆಗಬೇಕು. ನಿಮ್ಮ ಮೈಗೆ ಅದು ಹೋಗೇತಿ ಅಂತ ಇನ್ನೂ ಗೊತ್ತಾಗಿಲ್ಲ" ಅಂದರು. ನಾಯಿ ಬಂದು ಹೋದ ಮೇಲೂ ನಮ್ಮ ಕುರಿಗಳು ಒಂದಕ್ಕೊಂದು ಒತ್ತಿಕೊಂಡೇ ನಿಲ್ಲುತ್ತವಲ್ಲ, ಅದು ನೆನಪಾಯಿತು. ಇದು ನಾಟಕವೂ ಅಲ್ಲ, ಹುಚ್ಚೂ ಅಲ್ಲ, ಎಷ್ಟೋ ಜನರಿಗೆ ಆಗುತ್ತದೆಯಂತೆ. ಒಬ್ಬರಿಗೆ ತಲೆನೋವು, ಒಬ್ಬರಿಗೆ ಹೊಟ್ಟೆಯುರಿ, ನನಗೆ ಹೀಗೆ.

ಉಸಿರನ್ನು ಸಾವಕಾಶ ಬಿಡಬೇಕು, ತುಟಿ ಮುಚ್ಚಿ ದುಂಬಿಯ ಹಾಗೆ ಗುಂಯ್ ಎನ್ನಬೇಕು, ದಿನಾ ನಡೆಯಬೇಕು, ಹೊತ್ತಿಗೆ ಸರಿಯಾಗಿ ಮಲಗಬೇಕು. ಕುರಿಗಳ ಹಿಂದೆ ನಡೆಯುತ್ತ ಗುಂಯ್ ಎನ್ನುತ್ತೇನೆ. ಅವು ನಿಂತು ತಿರುಗಿ ನೋಡುತ್ತವೆ.

ಹೊರಡುವಾಗ ಮೇಡಂ ಒಂದು ಮಾತು ಕೇಳಿದರು. "ಆಡಬೇಕಾದ್ದು ಏನರ ನುಂಗೀರೇನು? ಇಲ್ಲಾ, ಆಡಬಾರದ್ದು ಏನರ ಆಡಬೇಕಾಗಿತ್ತೇನು?" ನಾನು ಇಲ್ಲ ಎಂದು ತಲೆಯಾಡಿಸಿ ಬಂದೆ.

ಮಾಯಾ


ಮುಗಳಖೋಡ
5 ಸೆಪ್ಟೆಂಬರ್ 2024

ಸುಂದರಾ,

ನಿನ್ನ ಉತ್ತರ ಬರುವ ತನಕ ತಡೆಯಲಾಗಲಿಲ್ಲ. ಇವತ್ತು ನಾನು ಮಾತಾಡಿದೆ!

ಜೋಳ ಬೀಸಿಸಲು ಹಿಟ್ಟಿನ ಗಿರಣಿಗೆ ಹೋಗಿದ್ದೆ. ಯಂತ್ರದ ಪಟ್ಟಾ ಜೋರಾಗಿ ತಿರುಗುತ್ತಿತ್ತು, ಕಿವಿ ಗಡಚಿಕ್ಕುವ ಸದ್ದು. ಗಿರಣಿಯ ಗಂಗಾರಾಮ ಮಾಮಾ ಬೆನ್ನು ತಿರುಗಿಸಿಕೊಂಡೇ, "ಈ ಡಬ್ಬಿ ಯಾರ್ದು?" ಎಂದು ಒದರಿದ. ನಾನು "ನಮ್ದರಿ" ಅಂದೆ. "ಸಣ್ಣಾಗಿ ಬೀಸಲೇನು?" ಅಂದ. "ಹೂನ್ರಿ" ಅಂದೆ. ಆತ ಡಬ್ಬಿ ಎತ್ತಿ ಸುರುವಿದ ಮೇಲೆ ನನಗೆ ಹೊಳೆಯಿತು. ನಾನು ಅಂದದ್ದು ಆತನಿಗೆ ಕೇಳಿಸಿದೆ! ಆತನಿಗೂ ಆಗಲೇ ಹೊಳೆದಿರಬೇಕು, ತಿರುಗಿ ನೋಡಿ ದೆವ್ವ ಕಂಡವನ ಹಾಗೆ ಗಿರಣಿ ಬಂದ್ ಮಾಡಿದ. ಪಟ್ಟಾ ನಿಂತಿತು, ನನ್ನ ಧ್ವನಿಯೂ ನಿಂತಿತು. ಮತ್ತೆ ಚಾಲೂ ಮಾಡಿಸಿದೆ, ಬಂತು. ಬಂದ್ ಮಾಡಿಸಿದೆ, ಹೋಯಿತು. ಸರದಿಯಲ್ಲಿ ನಿಂತ ಹೆಂಗಸರು ತಮ್ಮ ಡಬ್ಬಿ ಮರೆತು ನೋಡುತ್ತಿದ್ದರು.

ಗಂಗಾರಾಮ ಮಾಮಾನ ಫೋನಿನಿಂದ ಸೀಮಾ ಮೇಡಂಗೆ ಬರೆದು ಕಳಿಸಿದೆ. ನಮ್ಮ ಧ್ವನಿ ನಮಗೇ ಕೇಳಿಸದಿದ್ದಾಗ ಅದರ ಮೇಲೆ ಕಾವಲು ಕೂರಲು ಆಗುವುದಿಲ್ಲ, ಹಾಗಾಗಿ ಅದು ಸಡಿಲಾಗಿ ಬರುತ್ತದಂತೆ. ಅವರೂ ಕೆಲವರ ಕಿವಿಗೆ ಸದ್ದು ಹಾಕಿ ಹೀಗೇ ಮಾತಾಡಿಸುತ್ತಾರಂತೆ.

ಕುಣಿಯಬೇಕು ಅನ್ನಿಸುತ್ತಿದೆ. ಅದಕ್ಕೇ ಬರೆದೆ.

ನಿನ್ನ ಮಾಯಾ


ಮಂಗಸೂಳಿ
12 ಸೆಪ್ಟೆಂಬರ್ 2024

ಮಾಯವ್ವಾ,

ನಿನ್ನ ಪತ್ರವನ್ನು ನನ್ನ ಗಂಡನಿಗೂ ಓದಿ ಹೇಳಿದೆ. ಅವರು, "ಹಂಗಾದ್ರ ಮುಂದಿನ ಹಾಡಿಗೆ ವೇದಿಕಿ ಮ್ಯಾಲೆ ಒಂದ ಗಿರಣಿ ಇಡೂಣು" ಅಂದರು. ಎಷ್ಟೋ ದಿನಗಳ ಮೇಲೆ ಇಬ್ಬರೂ ಕೂಡಿ ನಕ್ಕೆವು.

ಈಗ ನನ್ನದೊಂದು ವಿಚಾರ ಕೇಳು. ಗಿರಣಿಯಲ್ಲಿ ಧ್ವನಿ ಬರುತ್ತದೆ ಎಂದ ಮೇಲೆ ಅದು ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಅಲ್ಲೇ ಹುಡುಕಬಹುದು. ಗಂಗಾರಾಮ ಮಾಮಾನಿಗೆ ಹೇಳಿ ಗಿರಣಿ ಚಾಲೂ ಇಡಿಸು. ಮೊದಲು ಗಣಪತಿಯ ಸ್ತುತಿ ಹಾಡು, ಆಮೇಲೆ ನಾವಿಬ್ಬರೂ ಕೂಡಿ ಹಾಡುತ್ತಿದ್ದ ಹಳೆಯವನ್ನು ಹಾಡು. ಕೊನೆಗೆ ಆ ದಿನ ಐನಾಪುರದಲ್ಲಿ ಹಾಡಬೇಕಾಗಿದ್ದ ಜವಾಬು ಹಾಡು. ಯಾವ ಶಬ್ದದ ಮೇಲೆ ಗಂಟಲು ಬಿಗಿಯುತ್ತದೋ ನೋಡು.

ಅಂದ ಹಾಗೆ ಆ ಜವಾಬು ಏನಿತ್ತು? ಹಾಡಿಗೆ ಹದಿನೈದು ದಿನ ಮೊದಲು ಚೀಟಿ ಎತ್ತಿದಾಗ ತಾಯಿ ದೊಡ್ಡವಳು ಎಂಬ ಪಕ್ಷ ನಮಗೆ ಬಂದಿತ್ತು, ತಂದೆ ದೊಡ್ಡವನು ಎಂಬುದು ನಿಮಗೆ. ನನ್ನ ಸವಾಲಿಗೆ ಮಲಕಾರಿ ಕಾಕಾ ಏನು ಕಟ್ಟಿದ್ದ ಎಂದು ತಿಳಿಯುವ ಆಸೆ ನನಗಿದೆ. ಮುದುಕ ಪದ ಕಟ್ಟುವುದರಲ್ಲಿ ಹುಲಿ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಬರೆದು ಕಳಿಸು.

ಸುಂದರಾ


ಮುಗಳಖೋಡ
24 ಸೆಪ್ಟೆಂಬರ್ 2024

ಸುಂದರಾ,

ಗಿರಣಿಗೆ ಹೋಗಿದ್ದೆ. ಸ್ತುತಿ ಬಂತು. ಹಳೆಯ ಪದಗಳೆಲ್ಲ ಬಂದವು. ಗಂಗಾರಾಮ ಮಾಮಾ ಬೀಸುವುದಕ್ಕೆ ಕಾಳಿಲ್ಲದಿದ್ದರೂ ಯಂತ್ರ ನಿಲ್ಲಿಸದೆ ಕೇಳುತ್ತ ನಿಂತ.

ಆ ಜವಾಬು ಬರಲಿಲ್ಲ. ಅಷ್ಟು ಸದ್ದಿನಲ್ಲೂ ಬರಲಿಲ್ಲ. ಪಿಸುಮಾತೂ ಇಲ್ಲ.

ಅದರಲ್ಲಿ ಏನಿತ್ತು ಎಂದು ಕೇಳಬೇಡ. ಮಳೆ ಜೋರಾಗಿದೆ, ಕುರಿಗಳಿಗೆ ಕಾಲುಬ್ಯಾನಿ. ಸಾಕು ಮಾಡುತ್ತೇನೆ.

ಮಾಯಾ


ಮಂಗಸೂಳಿ
1 ಅಕ್ಟೋಬರ್ 2024

ಮಾಯಾ,

ಬರೆ. ನನ್ನ ಮೇಲೆ ಕಟ್ಟಿದ್ದು ಎಂದು ಈಗ ಗೊತ್ತಾಯಿತು. ಊರೆಲ್ಲ ನನ್ನನ್ನು ಮಾಟಗಾತಿ ಎಂದದ್ದನ್ನು ಕೇಳಿದ್ದೇನೆ. ಇದನ್ನೂ ಕೇಳುತ್ತೇನೆ.

ಸುಂದರಾ


ಮುಗಳಖೋಡ
9 ಅಕ್ಟೋಬರ್ 2024

ಸುಂದರಾ,

ಇದನ್ನು ಹೇಗೆ ಬರೆಯಲಿ ಎಂದು ತಿಳಿಯದೆ ಬರೆದು ಬರೆದು ಹರಿದೆ. ಇಗೋ:

"ತೊಟ್ಟಿಲ ಕಟ್ಟದ ತೊಲಿ ನಿನ್ನ ಮನಿಯಾಗ,
ತಾಯಿ ದೊಡ್ಡಾಕೆಂತ ಹೆಂಗ ಹಾಡತಿ?
ಒಡಲ ಬರಿದಾದಾಕಿ ಒಂದಲ್ಲ ಎರಡ ಸಲ,
ಯಾವ ಮಾರಿ ಹೊತ್ತ ಎದುರ ನಿಂತಿ?"

ಎದುರಿನವರನ್ನು ಚುಚ್ಚದೆ ಹಾಡು ರಂಗೇರುವುದಿಲ್ಲ, ಇದು ನಿನಗೂ ಗೊತ್ತು, ನಾವಿಬ್ಬರೂ ಅದರಲ್ಲೇ ಬೆಳೆದವರು. ಕಾಕಾ ಬಾಯಿಪಾಠ ಮಾಡಿಸುವಾಗ ನಾನೂ ಅದೇ ಎಂದುಕೊಂಡೆ. ಹಾಡಿ ಮುಗಿಸುವುದು, ಅಷ್ಟೇ. ಅದರ ಹಿಂದಿನ ವಾರವೆಲ್ಲ ಊಟ ಸೇರಲಿಲ್ಲ, ಅಂಗೈ ಬೆವರುತ್ತಿತ್ತು. ಬಿಸಿಲಿಗೆ ಇರಬೇಕು ಎಂದುಕೊಂಡೆ. ಎಂಥ ದಡ್ಡಿ ನೋಡು, ಮೈ ಅಷ್ಟು ದಿನದಿಂದ ಹೇಳುತ್ತಿತ್ತು.

ವೇದಿಕೆಯ ಮೇಲೆ ನೀನು ಬಂದು ಹಣೆಗೆ ಭಂಡಾರ ಹಚ್ಚಿದೆ. ನಿನ್ನ ಬೆರಳು ತಣ್ಣಗಿತ್ತು. ಎರಡನೆಯ ಸಲ ನಿನಗೆ ಹಾಗಾದಾಗ ದವಾಖಾನೆಯಲ್ಲಿ ನಿನ್ನ ಕೈ ಹಿಡಿದು ಕೂತವಳು ನಾನು. ಅದೇ ತಣ್ಣನೆಯ ಬೆರಳು. ಡೊಳ್ಳು ಬಿತ್ತು, ಬಾಯಿ ತೆರೆದೆ, ಆಮೇಲಿನದು ನಿನಗೆ ಗೊತ್ತು.

ನನ್ನ ಗಂಟಲು ಯಾರೂ ಕಟ್ಟಿಸಿಲ್ಲ. ನನ್ನ ಮೈಯೇ ಕಟ್ಟಿಕೊಂಡಿತು. ನಾನು ಅದನ್ನು ಬೈದುಕೊಳ್ಳುತ್ತ ಇಷ್ಟು ತಿಂಗಳು ಕಳೆದೆ.

ಉತ್ತರ ಬರೆಯದಿದ್ದರೂ ನಡೆದೀತು.

ಮಾಯಾ


ಮಂಗಸೂಳಿ
8 ನವೆಂಬರ್ 2024

ಮಾಯಾ,

ತಡವಾದದ್ದು ದೀಪಾವಳಿ ಮುಗಿಯಲಿ ಎಂದು ಕಾದದ್ದಕ್ಕಲ್ಲ. ಬರೆಯಲು ಕೈ ಬರಲಿಲ್ಲ. ಓದಿದ ದಿನ ಊಟ ಬಿಟ್ಟೆ, ಆ ಕಾಗದವನ್ನು ಒಲೆಗೆ ಹಾಕಿದೆ. ನಾಲ್ಕು ಸಾಲು ಹೋಗಲಿಲ್ಲ, ತಲೆಯಲ್ಲೇ ಕೂತಿವೆ. ಮಲಕಾರಿ ಕಾಕಾ ನನ್ನ ಮದುವೆಗೆ ಡೊಳ್ಳು ಬಾರಿಸಿದವನು.

ಈಗ ನನ್ನದು ಕೇಳು. ನಿನ್ನ ಜವಾಬಿನ ಮೇಲೆ ಹಾಡಲು ನನ್ನ ಹತ್ತಿರವೂ ಒಂದು ತಯಾರಿತ್ತು. ಅಥಣಿಯ ಗಂಡು ನಿನ್ನನ್ನು ನಿಶ್ಚಯ ಮಾಡಿಕೊಂಡು ಹೋಗಿ ತಿರುಗಿ ಬರಲಿಲ್ಲವಲ್ಲ, ಅದರ ಮೇಲೆ. ನಾನೇ ಕಟ್ಟಿದ್ದೆ, ಯಾರೂ ಹೇಳಿಕೊಟ್ಟದ್ದಲ್ಲ. ಅದನ್ನು ಹಾಡಲು ನನಗೆ ಯಾವ ತೊಂದರೆಯೂ ಆಗುತ್ತಿರಲಿಲ್ಲ ಮಾಯಾ. ನನ್ನ ಗಂಟಲು ನಿನ್ನದರಷ್ಟು ಒಳ್ಳೆಯದಲ್ಲ.

ನೀನು ಮೂಕಿಯಾಗಿ ನಿಂತಾಗ ನನಗೆ ಬಂದದ್ದು ಕನಿಕರವಲ್ಲ, ಸಿಟ್ಟು. ಹಾಡುವ ಅವಕಾಶ ತಪ್ಪಿತಲ್ಲ ಎಂದು. ಆ ದಿನದಿಂದ ನನ್ನ ಹೊಟ್ಟೆ ಉರಿಯುತ್ತಿದೆ, ಸುಮ್ಮನೆ ಮಾತಿಗೆ ಹೇಳುತ್ತಿಲ್ಲ, ನಿಜವಾದ ಉರಿ. ಗುಳಿಗೆ ನುಂಗುತ್ತಿದ್ದೇನೆ. ನಿದ್ದೆಯಲ್ಲಿ ಹಲ್ಲು ಕಡಿಯುತ್ತೇನೆಂದು ಗಂಡ ಹೇಳುತ್ತಾರೆ, ಬೆಳಿಗ್ಗೆ ದವಡೆ ನೋಯುತ್ತದೆ. ನಿನ್ನ ಸೀಮಾ ಮೇಡಂ ಹೇಳಿದ್ದನ್ನು ಓದಿದಾಗಲೇ ನನಗೆ ಸಂಶಯ ಬಂದಿತ್ತು. ಬರೆಯಲಿಲ್ಲ.

ಮೊನ್ನೆ ಗಂಡನ ಮುಂದೆ ಎಲ್ಲ ಹೇಳಿದೆ. ಎರಡೂ ಪದ ಹೇಳಿದೆ, ನಿಮ್ಮದೂ ನನ್ನದೂ. ಅವರು ಎದ್ದು ಚಪ್ಪಲಿ ಮೆಟ್ಟಿದರು. ಆಮೇಲೆ, "ನಡಿ, ಹೊಲಕ್ಕ ಹೋಗಿ ಬರೂಣು" ಅಂದರು. ಈಗ ದಿನಾ ಸಂಜೆ ಕಬ್ಬಿನ ಬದುವಿನ ಮೇಲೆ ಇಬ್ಬರೂ ನಡೆಯುತ್ತೇವೆ. ಚಹಾ ಕಡಿಮೆ ಮಾಡಿದ್ದೇನೆ. ಉರಿ ಪೂರ್ತಿ ಹೋಗಿಲ್ಲ, ಇಳಿದಿದೆ.

ಕಾಗವಾಡದವರು ಎರಡೂ ಮ್ಯಾಳಗಳನ್ನು ಮತ್ತೆ ಎದುರುಬದುರು ಕರೆದಿದ್ದಾರೆ. ಐನಾಪುರದ ಜವಾಬಿನಿಂದಲೇ ಚಾಲೂ ಆಗಬೇಕು ಎಂದು ನಿನ್ನ ಕಾಕಾ ಷರತ್ತು ಹಾಕಿದ್ದಾನಂತೆ. ನೀನು ಏನು ಮಾಡುತ್ತೀಯೋ ಮಾಡು. ನನ್ನದನ್ನು ನಾನು ಹಾಡುವುದಿಲ್ಲ.

ಸುಂದರಾ


ಮುಗಳಖೋಡ
26 ನವೆಂಬರ್ 2024

ಪ್ರೀತಿಯ ಸುಂದರಾ,

ನಿನ್ನ ಪತ್ರ ಓದಿ ಸಿಟ್ಟೂ ಬಂತು, ಅಥಣಿಯ ಪದ ಹೇಗೆ ಕಟ್ಟಿರಬಹುದು ಎಂಬ ಕುತೂಹಲವೂ ಬಂತು. ಕಳಿಸಬೇಡ.

ನಿನ್ನೆ ನಮ್ಮ ಅಂಗಳದಲ್ಲಿ ಕಾಕಾ ತಾಲೀಮು ಇಟ್ಟ. ಓಣಿಯ ಜನವೆಲ್ಲ ಬಂದಿತ್ತು, ಮಾಯಾಳ ಧ್ವನಿ ಗಿರಣಿಯಲ್ಲಿ ಬಂದಿದೆಯಂತೆ, ಡೊಳ್ಳಿನ ಗದ್ದಲದಲ್ಲೂ ಬಂದೇ ಬರುತ್ತದೆ ಎಂದು. ಅವ್ವ ಕುಲದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ಕಾಕಾ ನನ್ನ ತಲೆ ನೇವರಿಸಿ, "ಅಂಜಬ್ಯಾಡ ಮಗಳ. ಎಲ್ಲಿ ನಿಂತಿತ್ತೋ ಅಲ್ಲಿಂದಾನ ಎತ್ತು" ಅಂದ. ಅವನಿಗೆ ನನ್ನ ಮೇಲೆ ಪ್ರಾಣ, ಅದು ಸುಳ್ಳಲ್ಲ. ಅದೇ ನನಗೆ ಕಷ್ಟವಾಗಿತ್ತು.

ಡೊಳ್ಳು ಬಿತ್ತು. ಎದೆ ಬಡಿದುಕೊಂಡಿತು, ಕುತ್ತಿಗೆ ಕಲ್ಲಾಯಿತು, ಐನಾಪುರದಲ್ಲಿ ಆದ ಹಾಗೆಯೇ. ಈ ಸಲ ಅದನ್ನು ಬೈದುಕೊಳ್ಳಲಿಲ್ಲ. ಏನು ಹೇಳುತ್ತಿದ್ದೀ ಎಂದು ಕೇಳಿದೆ. ಉಸಿರನ್ನು ಸಾವಕಾಶ ಬಿಟ್ಟೆ. ಕೈ ಎತ್ತಿದೆ, ಡೊಳ್ಳು ನಿಂತಿತು. ಅಂಗಳದಲ್ಲಿ ಒಂದು ಸದ್ದಿಲ್ಲ.

"ಒಲ್ಲೆ" ಅಂದೆ.

ಸುಂದರಾ, ಗಿರಣಿ ಇಲ್ಲ, ಡೊಳ್ಳು ಇಲ್ಲ, ನನ್ನ ಧ್ವನಿ ನನ್ನ ಕಿವಿಗೇ ಕೇಳಿಸಿತು! ದಪ್ಪಗೆ, ಒಡಕು ಒಡಕಾಗಿ, ಆದರೆ ನನ್ನದೇ. ಜನ ಹೋ ಎಂದು ಎದ್ದರು. ಅವ್ವ ಓಡಿ ಬಂದು ಅಪ್ಪಿಕೊಂಡಳು. ಕಾಕಾ ಭಂಡಾರ ಹಾರಿಸಿದ, ಸಕ್ಕರೆ ತರಲು ಒಬ್ಬನನ್ನು ಅಂಗಡಿಗೆ ಓಡಿಸಿದ, ಬಗ್ಗಿ ಕಣ್ಣು ಒರೆಸಿಕೊಂಡ. ನಾನು ಅಂದದ್ದು ಏನು ಎಂದು ಒಬ್ಬರೂ ಕೇಳಿಸಿಕೊಂಡಿರಲಿಲ್ಲ.

ಸಕ್ಕರೆ ಹಂಚಿ ಮುಗಿದ ಮೇಲೆ ಕಾಕಾನಿಗೆ ಅನುಮಾನ ಬಂತು. "ಅಲ್ಲ, ನೀ ಏನಂದಿ?" ಎಂದು ಕೇಳಿದ.

"ಒಲ್ಲೆ ಅಂದೆ ಕಾಕಾ. ಆ ಪದ ನಾ ಹಾಡಾಂಗಿಲ್ಲ. ಸುಂದರಾನ ಮ್ಯಾಲೆ ಹಾಡಾಂಗಿಲ್ಲ. ಆಕಿ ಏನೂ ಮಾಡಿಸಿಲ್ಲ. ಆ ಪದಾನ ನನ್ನ ಗಂಟಲಾಗ ಸಿಕ್ಕಿತ್ತು."

ಅಷ್ಟೂ ಒಂದೇ ಉಸಿರಿನಲ್ಲಿ ಬಂತು. ಕಾಕಾ ಸಕ್ಕರೆ ಹತ್ತಿದ ಕೈ ಒರೆಸಿಕೊಂಡ. ಡೊಳ್ಳಿನ ಹಗ್ಗ ಸಡಿಲಿಸಿ, ಅದನ್ನು ಹೊತ್ತುಕೊಂಡು ಹೊರಟುಹೋದ. ಇವತ್ತಿನ ತನಕ ನಮ್ಮ ಮನೆಯ ಕಡೆ ಬಂದಿಲ್ಲ. ಬರುತ್ತಾನೋ ಇಲ್ಲವೋ, ಕಾಗವಾಡಕ್ಕೆ ನಮ್ಮ ಮ್ಯಾಳ ಹೋಗುತ್ತದೋ ಇಲ್ಲವೋ ಗೊತ್ತಿಲ್ಲ. ನನಗೆ ಬೇಸರವಿದೆ. ಆದರೆ ಊಟ ಸೇರುತ್ತಿದೆ.

ಅವ್ವನಿಗೆ ಇದಾವುದರ ಗೊಡವೆಯೇ ಇಲ್ಲ. ಬೆಳಿಗ್ಗೆಯಿಂದ ಓಣಿಯ ಮನೆಮನೆಗೆ ಹೋಗಿ ಹೇಳುತ್ತಿದ್ದಾಳೆ. ಈಗಲೂ ಕೇಳಿಸುತ್ತಿದೆ, ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತಿದ್ದಾಳೆ.

"ನನ್ನ ಮಗಳು ಮಾತಾಡಿದ್ಳವಾ!"

"ಹೌದ? ಏನಂದ್ಳ?"

"ಒಲ್ಲೆ ಅಂದ್ಳು!"

ನಿನ್ನ
ಮಾಯಾ